ಮೋಟು ರೆಕ್ಕೆ

ಮನೆ, ಹಿಂದಿನ ಕೋಣೆ
ಮಾರ್ಚ್ ೧೬, ಭಾನುವಾರ ಬೆಳಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊದಲು ಮೊಣಕಾಲಿನ ವಿಷಯ ಹೇಳು. ಬಂದರಿನ ಕ್ರೇನಿನ ಏಣಿಯನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಬೇಡಿ, ಊಟದ ಡಬ್ಬಿ ಮೇಲಕ್ಕೇ ಒಯ್ಯಿರಿ ಅಂತ ಅತ್ತಿಗೆ ಹೇಳಿದರೆ ನೀನು ಕಿವಿಗೇ ಹಾಕಿಕೊಳ್ಳುವುದಿಲ್ಲವಂತೆ. ನಲವತ್ತೇಳು ಅಂದರೆ ಹುಡುಗಾಟದ ವಯಸ್ಸೇನೋ? ಅತ್ತಿಗೆಯ ಕೆಮ್ಮು ನಿಂತಿತೇ? ಇಲ್ಲಿ ನಾನು ಗುಂಡುಕಲ್ಲಿನ ಹಾಗಿದ್ದೇನೆ. ಕಣ್ಣಿಗೆ ಮಾತ್ರ ಹೊಸ ಕನ್ನಡಕ ಬಂದಿದೆ; ಹಾಕಿಕೊಂಡರೆ ಥೇಟ್ ಅಮ್ಮ, ಕನ್ನಡಿ ನೋಡಿ ನಾನೇ ಒಂದು ಸಲ ಬೆಚ್ಚಿಬಿದ್ದೆ. ಅಪ್ಪ ಪರವಾಗಿಲ್ಲ. ಎಪ್ಪತ್ತಾರು ಆಯಿತಲ್ಲ, ಪಾದ ಸ್ವಲ್ಪ ಊದಿಕೊಂಡಿದೆ. ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರು ಹೇಳಿದ್ದಕ್ಕೆ ಮಂಚವನ್ನು ಕೆಳಗೆ ಮುಂದಿನ ಕೋಣೆಗೆ ತಂದು ಹಾಕಿಸಿದ್ದೇನೆ. ಕಿಟಕಿಯಿಂದ ರಸ್ತೆ ಕಾಣುತ್ತದೆ. ದೃಷ್ಟಿ ಮಂದವಾದರೂ ಹೋಗಿಬರುವವರನ್ನು ನಡಿಗೆಯ ಸದ್ದಿನಲ್ಲೇ ಗುರುತು ಹಿಡಿಯುತ್ತಾರೆ. ನನ್ನ ಆರೋಗ್ಯದ ವಿಷಯ ಅವನಿಗೆ ಹೆಚ್ಚು ಬರೆಯಬೇಡ ಅಂತ ಅವರೇ ಹೇಳಿದ್ದಾರೆ. ಹಾಗಾಗಿ ಅಷ್ಟೇ.

ಫೋನ್ ಮಾಡದೆ ಪತ್ರ ಯಾಕೆ ಅಂತ ಕೇಳುತ್ತೀಯ, ಗೊತ್ತು. ಫೋನಿನಲ್ಲಿ ನಾನು “ಅಪ್ಪ” ಅಂದ ಕೂಡಲೇ ನಿನ್ನ ಕ್ರೇನಿನ ಕ್ಯಾಬಿನ್ನಿಗೆ ಎಲ್ಲಿಲ್ಲದ ಗಾಳಿ ನುಗ್ಗುತ್ತದೆ. “ಕೇಳಿಸ್ತಿಲ್ಲ ಕಣೇ, ಗಾಳಿ ಜಾಸ್ತಿ” ಅಂತ ಇಟ್ಟುಬಿಡುತ್ತೀಯ. ಭಾನುವಾರ ಮನೆಯಲ್ಲಿ ಕೂತಿರುವಾಗಲೂ ಅದೇ ಗಾಳಿ! ಕಾಗದವನ್ನು ಹಾಗೆ ಇಟ್ಟುಬಿಡಲು ಆಗುವುದಿಲ್ಲವಲ್ಲ. ಹರಿದು ಹಾಕಬಹುದು, ಹಾಕಬೇಡ, ಕೊನೆಯವರೆಗೆ ಓದು. ನೇರವಾಗಿ ಹೇಳಿಬಿಡುತ್ತೇನೆ. ಮನೆ ಬಿಟ್ಟು ಹೋದ ದಿನ ಅಪ್ಪನ ಮೇಜಿನ ಮೇಲಿಂದ ಒಂದು ಶೀಸೆ ಎತ್ತಿಕೊಂಡು ಹೋದೆಯಲ್ಲ, ಹೆಬ್ಬೆರಳು ಗಾತ್ರದ್ದು, ಒಳಗೆ ಕೆಂಪು ಚೀಟಿ ಇರುವುದು, ಅದು ಬೇಕಾಗಿದೆ. ಯಾವತ್ತೋ ಎಸೆದೆ ಅಂತ ಸುಳ್ಳು ಹೇಳಬೇಡ. ಅಮ್ಮ ತೀರಿಕೊಂಡಾಗ ನೀನು ಮನೆಯೊಳಗೆ ಕಾಲಿಡದೆ ಬೀದಿ ಕೊನೆಯ ಲಾಡ್ಜಿನಲ್ಲಿ ಎರಡು ದಿನ ಇದ್ದು ಹೋದೆಯಲ್ಲ, ಆಗ ಅತ್ತಿಗೆ ನನ್ನ ಹತ್ತಿರ ಬಾಯಿಬಿಟ್ಟಿದ್ದರು. “ವರ್ಷಕ್ಕೊಂದು ಸಲ ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದು ಒಂದು ಪುಟಾಣಿ ಶೀಸೆಗೆ ಸುರೀತಾರೆ, ಏನ್ರೀ ಅದು ಅಂದ್ರೆ ಮೈಮೇಲೇ ಬೀಳ್ತಾರೆ” ಅಂದರು. ಪಾಪ, ಅವರ ಮೇಲೆ ರೇಗಬೇಡ. ಸ್ಪಿರಿಟ್ ಆರಿದರೆ ಒಳಗಿನ ಹುಳ ಪುಡಿಪುಡಿಯಾಗುತ್ತದೆ ಅಂತ ನಿನಗೆ ಹೇಳಿಕೊಟ್ಟವರು ಯಾರು ಅನ್ನುವುದು ನನಗೂ ಗೊತ್ತು, ನಿನಗೂ ಗೊತ್ತು.

ಇಷ್ಟು ವರ್ಷದ ಮೇಲೆ ಅದು ಯಾಕೆ ಬೇಕಾಯಿತು ಅಂತ ಹೇಳಬೇಕಾದರೆ ಹುಳದಿಂದಲೇ ಶುರು ಮಾಡಬೇಕು. ಅಪ್ಪ ಮೂವತ್ತು ವರ್ಷ ದುಡಿದ ಕೀಟ ಸಂಗ್ರಹಾಲಯದ ಅದೇ ನೆಲಮಾಳಿಗೆಯಲ್ಲಿ ನಾನೀಗ ಹದಿನೆಂಟು ವರ್ಷದಿಂದ ಶೀಸೆ ಕಾಯುತ್ತಿದ್ದೇನೆ. ಮುಚ್ಚಳ ಬಿಗಿ ಮಾಡುವುದು, ಸ್ಪಿರಿಟ್ ತುಂಬುವುದು, ಚೀಟಿಯನ್ನು ಪೆನ್ಸಿಲಿನಲ್ಲೇ ಬರೆದು ಒಳಗಿಡುವುದು, ಇದೇ ನನ್ನ ಸಂಸಾರ. ಎರಡು ಗೋಡೆ ತುಂಬ ಅಪ್ಪನ ಕಲ್ಲುನೊಣಗಳೇ. ನೊಣ ಅಂದರೆ ಅವರಿಗೆ ಈಗಲೂ ಕೋಪ, ಅದು ನೊಣವೇ ಅಲ್ಲ ಅನ್ನುತ್ತಾರೆ. ನಾವು ಮೂವರೂ ಮಕ್ಕಳು ಬೇಕೆಂದೇ ಹಾಗೆ ಕರೆದು ರೇಗಿಸುತ್ತಿದ್ದೆವು, ನೆನಪಿದೆಯಾ? ತಣ್ಣನೆಯ ಹಳ್ಳದ ಕಲ್ಲಿನಡಿ ಒಂದೆರಡು ವರ್ಷ ಬೆಳೆದು, ಚಳಿ ಮುಗಿಯುವ ಹೊತ್ತಿಗೆ ಮೇಲಕ್ಕೆ ಹತ್ತಿ, ಸಿಪ್ಪೆ ಬಿಟ್ಟು, ರೆಕ್ಕೆ ಪಡೆದು, ಕೆಲವೇ ವಾರ ಇದ್ದು ಸಾಯುವ ಕಂದು ಹುಳ. ಕೆಳಗಿನ ಹಳ್ಳದಲ್ಲಿ ಸಿಗುವ ಗಂಡುಗಳಿಗೆ ಬಾಲ ದಾಟುವಷ್ಟು ಉದ್ದ ರೆಕ್ಕೆ. ಅದಕ್ಕೆ ನೂರು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟಿದ್ದಾರೆ. ಅಪ್ಪನಿಗೆ ಮೇಲಿನ ಹಳ್ಳದಲ್ಲಿ ಸಿಕ್ಕ ಗಂಡುಗಳಿಗೆ ಅರ್ಧ ಹೊಟ್ಟೆ ಮುಚ್ಚುವಷ್ಟೇ ರೆಕ್ಕೆ, ತಲೆಯ ಮೇಲಿನ ಕಪ್ಪು ಪಟ್ಟಿ ನಡುವೆ ತುಂಡು. ಇದು ಬೇರೆಯೇ ಪ್ರಭೇದ ಅಂತ ಅಪ್ಪ ತೀರ್ಮಾನಿಸಿ, ಹೊಸ ಹೆಸರಿಟ್ಟು, ಅಚ್ಚು ಹಾಕಿಸಿದರು. ಹೆಸರಿಡುವಾಗ ಇದೇ ನೋಡಿ ಆ ಹುಳ ಅಂತ ಆಧಾರಕ್ಕೆ ಒಂದನ್ನು ಎತ್ತಿಡಬೇಕು, ಅದರ ಶೀಸೆಗೇ ಕೆಂಪು ಚೀಟಿ. ಅದೇ ನಿನ್ನ ಹತ್ತಿರ ಇರುವುದು.

ಇನ್ನು ನಮ್ಮ ಮೋಟುವಿನ ವಿಷಯ. ಹೇನಾಗಿದೆ ಅಂತ ಅಮ್ಮ ಕೂದಲು ಕತ್ತರಿಸಿದ ದಿನ ನಮ್ಮ ಕಿರಿಯವಳು ಕತ್ತರಿಸಿದ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡು, ಮತ್ತೆ ಅಂಟಿಸಿ ಅಂತ ಅಳುತ್ತ ಮನೆಯೆಲ್ಲ ತಿರುಗಿದಳಲ್ಲ, ಅವತ್ತಿನಿಂದ ಅವಳು ಮೋಟು. ಶಾಲೆಯಲ್ಲಿ ಬರೆಸಿದ ಹೆಸರು ಏನಿತ್ತು ಅಂತ ಯಾರಾದರೂ ಕೇಳಿದರೆ ನಾನು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಆರೇ ವರ್ಷ. ಜ್ವರ ಬಂದ ಐದನೇ ದಿನಕ್ಕೆ ಹೋಗಿಬಿಟ್ಟಳು. ಅವಳನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ನೀನು, ಹಿಂದೆ ಚಪ್ಪಲಿಯಿಲ್ಲದೆ ಅಮ್ಮ, ಮನೆ ಕಾಯಲು ನಾನು. ಅಪ್ಪ ಇರಲಿಲ್ಲ. ಹುಳ ರೆಕ್ಕೆ ಬಿಡುವ ಕಾಲ ಎರಡು ಮೂರು ವಾರವಷ್ಟೇ ಅಂತ ಮೇಲಿನ ಹಳ್ಳದ ದಡದಲ್ಲಿ ಡೇರೆ ಹಾಕಿಕೊಂಡಿದ್ದರು. ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ಬಂದು ನಿಂತಾಗ ಅವರ ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು. ಚೀಲದಲ್ಲಿ ಒಂಬತ್ತು ಹುಳ, ಚೀಟಿಯ ಮೇಲೆ ಹಿಡಿದ ದಿನಾಂಕ. ಅವಳು ಹೋದ ದಿನದ್ದೇ ದಿನಾಂಕ. ಎರಡು ವರ್ಷದ ಮೇಲೆ ಅಚ್ಚಾಗಿ ಬಂದ ಲೇಖನವನ್ನು ನೀನೇ ಮೊದಲು ಬಿಚ್ಚಿ ಓದಿದೆ. ಹುಳಕ್ಕೆ ಮೋಟುವಿನ ಹೆಸರು. ಕೆಳಗೆ ಕಾರಣ: “ರೆಕ್ಕೆ ಮೋಟಾಗಿರುವುದರಿಂದ ಈ ಹೆಸರು.” ಮಗಳ ಸುದ್ದಿಯೇ ಇಲ್ಲ. ನೀನು ಅವತ್ತು ಅಂದದ್ದು ಈ ಮನೆಯ ಗೋಡೆಗೂ ನೆನಪಿದೆ. “ಅವಳು ಸಾಯುವಾಗ ಈ ಹುಳ ಹಿಡೀತಿದ್ರಿ, ಈಗ ಇದಕ್ಕೇ ಅವಳ ಹೆಸರಾ? ಅದನ್ನೂ ಅವಳದು ಅಂತ ಹೇಳೋ ಧೈರ್ಯ ಇಲ್ವಾ ನಿಮಗೆ?” ನೀನು ಶೀಸೆ ಎತ್ತಿಕೊಂಡು ನಡೆದುಬಿಟ್ಟೆ.

ಈಗ ಕೇಳು. ಮೂರು ವರ್ಷದಿಂದ ನಮ್ಮಲ್ಲಿಗೆ ಒಬ್ಬ ಸಂಶೋಧಕಿ ಬರುತ್ತಿದ್ದಾಳೆ. ಚಿಕ್ಕ ವಯಸ್ಸು, ಊಟ ನೆನಪಿರುವುದಿಲ್ಲ, ಸ್ವೆಟರನ್ನು ಉಲ್ಟಾ ಹಾಕಿಕೊಂಡು ಬರುತ್ತಾಳೆ, ಆದರೆ ಕೆಲಸದಲ್ಲಿ ರಾಕ್ಷಸಿ. ಮೇಲಿನ ಹಳ್ಳದಿಂದ ಕೆಳಗಿನ ಹಳ್ಳದವರೆಗೆ ನೂರು ಹೆಜ್ಜೆಗೊಮ್ಮೆ ನಿಂತು ಹುಳ ಹಿಡಿದು ತಂದಳು. ಅಳೆದವಳು ನಾನು. ಸಾವಿರದ ನಾನ್ನೂರ ಹನ್ನೆರಡು ಹುಳ, ಒಂದೊಂದರದ್ದೂ ರೆಕ್ಕೆಯ ಉದ್ದ, ಮೈಯ ಉದ್ದ, ತಲೆಯ ಪಟ್ಟಿ. ಮೊದಲ ಇನ್ನೂರು ಮುಗಿಯುವಷ್ಟರಲ್ಲೇ ನನಗೆ ಗೊತ್ತಾಗಿಹೋಯಿತು ಅಣ್ಣಾ. ಮೋಟು ರೆಕ್ಕೆ ಮತ್ತು ಉದ್ದ ರೆಕ್ಕೆಯ ನಡುವೆ ಎಲ್ಲೂ ಗಡಿಯೇ ಇಲ್ಲ. ಮೇಲೆ ನೀರು ತಣ್ಣಗಿರುವಲ್ಲಿ ಮೋಟು, ಒಂದಿಷ್ಟು ಕೆಳಗೆ ಕೂದಲೆಳೆಯಷ್ಟು ಉದ್ದ, ಇನ್ನಷ್ಟು ಕೆಳಗೆ ಇನ್ನಷ್ಟು ಉದ್ದ. ನಡುವಿನ ಒಂದು ಕಲ್ಲಿನಡಿ ಒಂದೇ ದಿನ ಮೂರೂ ಬಗೆಯವು ಸಿಕ್ಕಿವೆ. ಮೋಟು ರೆಕ್ಕೆಯದಕ್ಕೆ ಇಡೀ ಪಟ್ಟಿ, ಉದ್ದ ರೆಕ್ಕೆಯದಕ್ಕೆ ತುಂಡು ಪಟ್ಟಿ, ಎಲ್ಲ ಕಲಸುಮೇಲೋಗರ. ಬಾಲದ ತುದಿಯಲ್ಲಿ ಒಂದು ಪುಟ್ಟ ಕೊಕ್ಕೆಯಿದೆ, ಹುಳ ಯಾವ ಪ್ರಭೇದ ಅಂತ ಗಟ್ಟಿಯಾಗಿ ಹೇಳುವುದು ಅದು. ಸಾವಿರದ ನಾನ್ನೂರ ಹನ್ನೆರಡರಲ್ಲೂ ಒಂದೇ ಕೊಕ್ಕೆ. ಅಂದರೆ ಮೋಟು ಬೇರೆ ಪ್ರಭೇದವೇ ಅಲ್ಲ, ಹಳೆಯದರದ್ದೇ ಚಳಿನೀರಿನ ರೂಪ. ಹಳೆಯ ಹೆಸರು ಉಳಿಯುತ್ತದೆ, ಅಪ್ಪ ಇಟ್ಟ ಹೆಸರು ಬಿದ್ದುಹೋಗುತ್ತದೆ. ಅದನ್ನು ಬೀಳಿಸಿದ ಅಳತೆಯ ಪಟ್ಟಿ ನನ್ನ ಕೈಬರಹದಲ್ಲಿದೆ. ಅವಳ ಹೆಸರು ಅಂತ ಈ ಲೋಕದಲ್ಲಿ ಉಳಿದದ್ದು ಅದೊಂದೇ, ಅದನ್ನೂ ಅಳಿಸುವುದಕ್ಕೆ ಅಕ್ಕನೇ ಬೇಕಾಯಿತೇ ಅಂತ ಸ್ಟೋರಿನ ಬಾಗಿಲು ಹಾಕಿಕೊಂಡು ಅತ್ತೆ.

ಲೇಖನ ಮುಗಿಸುವ ಮೊದಲು ಕೆಂಪು ಚೀಟಿಯ ಹುಳವನ್ನು ನೋಡಲೇಬೇಕು, ಅದಿಲ್ಲದೆ ಸಹಿ ಹಾಕುವುದಿಲ್ಲ ಅಂತ ಹುಡುಗಿ ಪಟ್ಟು ಹಿಡಿದಳು. ಸರಿಯೇ. ಅದು ಕಪಾಟಿನಲ್ಲಿಲ್ಲ ಅಂತ ನನಗೆ ಗೊತ್ತಿತ್ತು. ಕಳೆದುಹೋಗಿದೆ ಅಂತ ಅಪ್ಪ ಯಾವತ್ತೋ ಬರೆದುಕೊಟ್ಟಿರಬೇಕು, ಬೈಸಿಕೊಂಡಿರಬೇಕು ಅಂದುಕೊಂಡಿದ್ದೆ. ಇಷ್ಟು ವರ್ಷ ಬೇಕೆಂದೇ ಆ ಗೂಡಿನ ಕಡೆ ನೋಡದವಳು ಈಗ ಕಪಾಟು ತೆಗೆದರೆ ಶೀಸೆಯ ಜಾಗದಲ್ಲಿ ಒಂದು ಮರದ ತುಂಡು, ಅದಕ್ಕೆ ಅಂಟಿಸಿದ ಚೀಟಿ: “ಎರವಲು ಹೋಗಿದೆ, ಪುಸ್ತಕ ನೋಡಿ.” ಬೇರೆ ಸಂಸ್ಥೆಯವರು ಅಧ್ಯಯನಕ್ಕೆ ಹುಳ ತೆಗೆದುಕೊಂಡು ಹೋದರೆ ಬರೆಯುವ ಹಳೆಯ ಎರವಲು ಪುಸ್ತಕ ಅದು. ಈಗ ಎಲ್ಲ ಕಂಪ್ಯೂಟರಿನಲ್ಲೇ, ಅದನ್ನು ಯಾರೂ ಮುಟ್ಟುವುದಿಲ್ಲ. ಒಬ್ಬರ ಹೊರತು. ನಿವೃತ್ತರಾದ ಮೇಲೂ ಅಪ್ಪ ಪ್ರತಿ ಮಾರ್ಚಿನಲ್ಲಿ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು, ಕಾವಲುಗಾರನ ಜೊತೆ ಚಹಾ ಕುಡಿದು, “ಆ ಹಳೇ ಪುಸ್ತಕ ಕೊಡಮ್ಮ, ಸುಮ್ನೆ ನೋಡ್ತೀನಿ” ಅನ್ನುತ್ತಿದ್ದರು. ವಯಸ್ಸಾದವರ ಚಪಲ ಅಂದುಕೊಂಡು ಕೊಡುತ್ತಿದ್ದೆ. ಪುಟ ತೆಗೆದೆ. “ಒಂದು ಶೀಸೆ. ಪಡೆದವರು: ನನ್ನ ಮಗ.” ಅವಧಿ ಅನ್ನುವ ಕಡೆ ಮೊದಲು “ಸಿಟ್ಟು ಇಳಿಯುವ ತನಕ” ಅಂತ ಬರೆದು, ಹೊಡೆದುಹಾಕಿ, “ಒಂದು ವರ್ಷ” ಅಂತ ಬರೆದಿದ್ದಾರೆ. ಎರವಲು ಒಂದು ವರ್ಷಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ, ಬೇಕಾದರೆ ಪ್ರತಿ ವರ್ಷ ಮುಂದುವರಿಸಬೇಕು, ನಿಯಮ. ಅದರ ಕೆಳಗೆ ಸಾಲುಸಾಲು. ನೀನು ಹೋದ ದಿನ ಮಾರ್ಚ್ ಹನ್ನೆರಡು. ಪ್ರತಿ ವರ್ಷ ಅದೇ ದಿನಾಂಕ, “ಒಂದು ವರ್ಷ ಮುಂದುವರಿಸಿದೆ”, ಸಹಿ. ಇಪ್ಪತ್ತೇಳು ಸಹಿ. ಮೇಲಿನವು ಕಡ್ಡಿ ಇಟ್ಟ ಹಾಗೆ ನೇರ, ಕೆಳಗಿಳಿದ ಹಾಗೆ ನಡುಕ. ನೀನು ಕದ್ದೆ ಅಂತ ಅವರು ಎಲ್ಲೂ, ಯಾರಿಗೂ ಹೇಳಿಲ್ಲ. ವರ್ಷಕ್ಕೊಮ್ಮೆ ನೀನಲ್ಲಿ ಸ್ಪಿರಿಟ್ ಸುರಿದೆ, ಇವರಿಲ್ಲಿ ಸಹಿ ಹಾಕಿದರು. ಇಬ್ಬರಿಗೂ ಒಂದು ಮಾತು ಆಡಲು ಏನಾಗಿತ್ತು ದಾಡಿ?

ಅಪ್ಪನಿಗೆ ಹೇಳದೆ ಲೇಖನ ಕಳಿಸಲು ಮನಸ್ಸು ಒಪ್ಪಲಿಲ್ಲ. ಹೇಗೆ ಹೇಳುವುದು ಅಂತ ಮೂರು ದಿನ ದಾರಿ ಹುಡುಕಿದೆ. ಕೊನೆಗೆ ಹುಳಗಳ ಸದ್ದನ್ನೇ ಕೇಳಿಸಿದೆ. ನಿನಗೆ ಗೊತ್ತಲ್ಲ, ಗಂಡು ಎಲೆಯ ಮೇಲೆ ಹೊಟ್ಟೆ ತಟ್ಟಿ ಕರೆಯುತ್ತದೆ, ಹೆಣ್ಣು ಅದೇ ರೀತಿ ತಟ್ಟಿ ಉತ್ತರ ಕೊಡುತ್ತದೆ. ತನ್ನದಲ್ಲದ ಪ್ರಭೇದದ ತಾಳಕ್ಕೆ ಯಾವ ಹೆಣ್ಣೂ ಉತ್ತರ ಕೊಡುವುದಿಲ್ಲ. ಹುಡುಗಿ ಅದನ್ನೆಲ್ಲ ಧ್ವನಿಮುದ್ರಿಸಿಕೊಂಡಿದ್ದಳು. ಮೇಲಿನ ಹಳ್ಳದ ಮೋಟು ಗಂಡು ತಟ್ಟಿದ್ದು, ಕೆಳಗಿನ ಹಳ್ಳದ ಹೆಣ್ಣು ಉತ್ತರಿಸಿದ್ದು, ಎರಡನ್ನೂ ಅಪ್ಪನ ಕಿವಿಗೆ ಹಿಡಿದೆ. ಏನೂ ವಿವರಿಸಲಿಲ್ಲ. ಮಂಚದ ಪಟ್ಟಿಯ ಮೇಲೆ ಅವರ ಬೆರಳು ತಾನಾಗಿ ಅದೇ ತಾಳ ಹಾಕತೊಡಗಿತು, ಆಮೇಲೆ ನಿಂತಿತು. “ಎರಡೂ ಒಂದೇ” ಅಂದರು. ಹೌದು ಅಂದೆ. “ಎಷ್ಟು ಅಳೆದೆ?” ಹೇಳಿದೆ. “ನಾನು ಒಂಬತ್ತೇ ಅಳೆದಿದ್ದೆ ಮಗಳೇ. ಒಂಬತ್ತು ಹುಳ ನೋಡಿ ಯಾರಾದ್ರೂ ಹೆಸರಿಡ್ತಾರಾ?” ಅಂದರು. ಮತ್ತೆ ಯಾಕೆ ಹೋಗಿ ಹಿಡಿಯಲಿಲ್ಲ ಅಂತ ನನ್ನ ಹಾಳು ಬಾಯಿ ಕೇಳಿಬಿಟ್ಟಿತು. ಆ ಹಳ್ಳಕ್ಕೆ ಅವರು ಆಮೇಲೆ ಒಂದು ಸಲವೂ ಹೋಗಿಲ್ಲ ಅಣ್ಣಾ. ನೀರಿನ ಸದ್ದು ಕೇಳಿದರೆ ಸಾಕು, ಯಾರೋ ಓಡಿ ಬಂದು ಕೂಗುತ್ತಿದ್ದಾರೆ ಅನಿಸುತ್ತದಂತೆ. ಹೋಗಲಾಗದ್ದಕ್ಕೆ ಒಂಬತ್ತರಲ್ಲೇ ಮುಗಿಸಿದರು. ಮಗಳ ಹೆಸರು ಅಂತ ಯಾಕೆ ಬರೆಯಲಿಲ್ಲ ಅಂತಲೂ ಕೇಳಿದೆ, ನಿನ್ನ ಪರವಾಗಿ. “ಬರೆಯೋಕೆ ನನಗೆ ಯಾವ ಮುಖ ಇತ್ತು?” ಅಂದರು. ಅಪ್ಪ ಅಳುವುದನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು. ನೀನು ನೋಡಬೇಕಿತ್ತು, ನಾನೊಬ್ಬಳೇ ನೋಡುವಂಥದ್ದಲ್ಲ ಅದು.

ಕಣ್ಣೊರೆಸಿಕೊಂಡ ಮೇಲೆ ಅವರೇ ನನಗೆ ಪಾಠ ಹೇಳಿದರು, ನೆಲಮಾಳಿಗೆಯಲ್ಲಿ ಹೇಳುತ್ತಿದ್ದ ಅದೇ ಧ್ವನಿ. ಬಿದ್ದ ಹೆಸರನ್ನು ಅಳಿಸುವುದಿಲ್ಲವಂತೆ. ಉಳಿದ ಹೆಸರಿನ ಕೆಳಗೆ, ಒಂದು ಬೆರಳು ಒಳಕ್ಕೆ ಸರಿಸಿ, ಸಣ್ಣ ಅಕ್ಷರದಲ್ಲಿ ಬರೆದಿಡುತ್ತಾರೆ. ಆ ಹುಳದ ಹೆಸರುಗಳ ಪಟ್ಟಿಯನ್ನು ಯಾರು ಯಾವಾಗ ಬರೆದರೂ ಅದನ್ನು ಬಿಡುವ ಹಾಗಿಲ್ಲ. ನಾನಿದನ್ನು ಹದಿನೆಂಟು ವರ್ಷ ಚೀಟಿಗಳಲ್ಲಿ ಬರೆದಿದ್ದೇನೆ, ಆದರೂ ಹಾಗೆ ಯೋಚಿಸಿರಲೇ ಇಲ್ಲ, ದಡ್ಡಿ. “ಇಷ್ಟು ದಿನ ಒಬ್ಬಳೇ ಬೇರೆ ಇದ್ದಳು, ಈಗ ಮನೆ ಸೇರಿದಳು ಬಿಡು” ಅಂದರು ಅಪ್ಪ. ಆಮೇಲೆ ಲೇಖನಕ್ಕೆ ಒಂದು ಸಾಲು ಬರೆದುಕೋ ಅಂತ ಹೇಳಿ ಬರೆಸಿದರು. ನಿನಗಾಗಿ ಹಾಗೇ ಇಳಿಸುತ್ತಿದ್ದೇನೆ: “ಈ ಹೆಸರು ರೆಕ್ಕೆಯಿಂದ ಬಂದದ್ದಲ್ಲ. ಹೆಸರಿಟ್ಟವರ ಕಿರಿಯ ಮಗಳದು. ಆರು ವರ್ಷ ಬದುಕಿದ್ದಳು.” ಸರಿಯಿದೆಯಾ ಅಂತ ಅವನನ್ನು ಕೇಳು ಅಂದರು. ಅವನು ಅಂದರೆ ನೀನು. ಮನೆಯಲ್ಲಿ ನಿನ್ನನ್ನು ಅವರು ಕರೆಯುವುದೇ ಹಾಗೆ, ಅವನು ಅಂತ, ಬೇರೆ ಯಾವ ಗಂಡಸೂ ಇಲ್ಲವೇನೋ ಅನ್ನುವ ಹಾಗೆ.

ಆದ್ದರಿಂದ ಶೀಸೆ ಬೇಕು. ಒಳಗೆ ಸ್ಪಿರಿಟ್ ಇರುವುದರಿಂದ ಅಂಚೆಯವರು ತೆಗೆದುಕೊಳ್ಳುವುದಿಲ್ಲ, ಬೇರೆಯವರ ಕೈಯಲ್ಲಿ ಕಳಿಸುವ ವಸ್ತುವೂ ಅಲ್ಲ. ನೀನೇ ತರಬೇಕು, ಬೇರೆ ದಾರಿಯಿಲ್ಲ, ನಾನೇನು ಮಾಡಲಿ? ಮುಚ್ಚಳದ ಸುತ್ತ ಬಟ್ಟೆ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೋ, ಚೀಲದೊಳಗೆ ಹಾಕಬೇಡ. ಮೇಲಿನ ಕೋಣೆ ಗುಡಿಸಿಟ್ಟಿದ್ದೇನೆ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಈ ಸಲ ಲಾಡ್ಜು ಅಂದರೆ ಕಾಲು ಮುರಿಯುತ್ತೇನೆ, ಮೊಣಕಾಲು ಹೇಗೂ ಅರ್ಧ ಮುರಿದಿದೆ.

ಅತ್ತಿಗೆಗೆ ನನ್ನ ನಮಸ್ಕಾರ, ಕೆಮ್ಮಿಗೆ ಬಿಸಿನೀರೇ ಕುಡಿಯಲಿ. ಅಪ್ಪನ ಆಶೀರ್ವಾದ ನಿಮ್ಮಿಬ್ಬರಿಗೂ. ಅವರು ಹೇಳಿ ಬರೆಸಿದ್ದಲ್ಲ, ನಾನೇ ಬರೆಯುತ್ತಿದ್ದೇನೆ, ಆದರೆ ಸುಳ್ಳಲ್ಲ.

ನಿನ್ನ ತಂಗಿ,
ಬಾಯಿಬಡುಕಿ

ಮರೆತದ್ದು: ಮರೆತದ್ದಲ್ಲ, ಬರೆಯಬೇಡ ಅಂದಿದ್ದರು. ಮೊನ್ನೆ ಬುಧವಾರ ಹನ್ನೆರಡನೇ ತಾರೀಖು. ಅಪ್ಪನಿಗೆ ಎದ್ದು ಬರಲಾಗಲಿಲ್ಲ. ಪುಸ್ತಕವನ್ನು ತರಕಾರಿ ಚೀಲದಲ್ಲಿ ಮುಚ್ಚಿಟ್ಟುಕೊಂಡು ಮನೆಗೆ ತಂದೆ, ನಿಯಮ ಮುರಿದು. ದಿಂಬಿಗೆ ಒರಗಿಸಿ ಕೂರಿಸಿದೆ, ಸಾಲು ಕಾಣದ್ದಕ್ಕೆ ಬೆರಳಿಟ್ಟು ತೋರಿಸಿದೆ, ಬರೆದು ಪುಸ್ತಕ ಮುಚ್ಚಿ ಕೊಟ್ಟರು. ವಾಪಸ್ ಇಡುವಾಗ ತೆರೆದು ನೋಡಿದೆ. ಇಪ್ಪತ್ತೆಂಟನೇ ಸಾಲು. ಅವಧಿಯ ಕಡೆ ಒಂದು ವರ್ಷ ಅಂತ ಬರೆದಿಲ್ಲ ಅ‌ಣ್ಣಾ. ಹದಿನೈದು ದಿನ ಅಂತ ಬರೆದಿದ್ದಾರೆ. ಡಾಕ್ಟರು ನನಗೊಬ್ಬಳಿಗೇ ಹೊರಗೆ ಕರೆದು ಹೇಳಿದ್ದರು, ಇವರಿಗೆ ಹೇಗೆ ಗೊತ್ತಾಯಿತೋ. ಇವತ್ತಿಗೆ ನಾಲ್ಕು ಕಳೆಯಿತು, ಈ ಪತ್ರ ನಿನಗೆ ಸಿಗುವಷ್ಟರಲ್ಲಿ ಏಳು. ಶೀಸೆ ಒಡೆದುಹೋಗಿದ್ದರೂ ಬಾ.